ಎಂಜಿನ್ ಬಿಚ್ಚುವ ಮೊದಲು ನೀರಿನ ದಾರಿ: ಒಂದು ಟ್ರಾಲ್ ಬೋಟಿನ ಪ್ರಕರಣ

ಇದು ಕರ್ನಾಟಕ ಕರಾವಳಿಯ ಒಂದು ಮೀನುಗಾರಿಕಾ ಬಂದರಿನಲ್ಲಿ ನಡೆದದ್ದು. ಬೋಟಿನ ಹೆಸರು, ಬಂದರು, ಎಂಜಿನ್ ಕಂಪನಿ ಯಾವುದನ್ನೂ ಹೇಳುತ್ತಿಲ್ಲ. ಜನರ ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಮಾಲೀಕರ ಒಪ್ಪಿಗೆ ಇದೆ. ನನ್ನ ಕೆಲಸ ಬೋಟ್ ಮಾಲೀಕರಿಗೆ ಡೀಸೆಲ್ ಎಂಜಿನ್ ನೋಡಿಕೊಳ್ಳುವುದನ್ನು ಕಲಿಸುವುದು.

ಇದನ್ನೇ ಆರಿಸಿಕೊಳ್ಳಲು ಒಂದು ಕಾರಣ ಇದೆ. ಇಲ್ಲಿ ಎರಡು ತೊಂದರೆಗಳು ಒಟ್ಟಿಗೆ ಬಂದವು, ಒಂದು ಇನ್ನೊಂದನ್ನು ಮರೆಮಾಡಿತು. ನಡುವೆ ತೆಗೆದುಕೊಂಡ ಕೆಲವು ತಪ್ಪು ತೀರ್ಮಾನಗಳು ಆ ಹೊತ್ತಿಗೆ ಸರಿಯಾಗಿಯೇ ಕಂಡಿದ್ದವು. ಎಂಜಿನ್ ಕೆಲಸದಲ್ಲಿ ಇಂಥದ್ದೇ ಜಾಸ್ತಿ ಕಾಡುವುದು.

ಹಿನ್ನೆಲೆ

ಮಾಲೀಕರಿಗೆ ನಲವತ್ತರ ಆಸುಪಾಸು. ಬಹಳ ವರ್ಷ ಗಲ್ಫ್‌ನಲ್ಲಿ ಅಂಗಡಿಯೊಂದರ ಲೆಕ್ಕ ನೋಡಿಕೊಂಡಿದ್ದವರು. ಸೋದರಮಾವ ತೀರಿಕೊಂಡ ಮೇಲೆ ಬೋಟು ಇವರ ಕೈಗೆ ಬಂತು. ಬೋಟಿನ ಜೊತೆಗೆ ಸಾಲ ಬಂತು, ಮಾವನ ಕಾಲದ ತಾಂಡೇಲರೂ (ಬೋಟು ನಡೆಸುವ ಮುಖ್ಯಸ್ಥರು) ಎಂಜಿನ್ ಡ್ರೈವರೂ ಬಂದರು. ಇಬ್ಬರೂ ಇವರಿಗಿಂತ ಹಿರಿಯರು. ಡ್ರೈವರನ್ನು ಇವರು ಚಿಕ್ಕಂದಿನಿಂದ ಅಣ್ಣ ಎಂದೇ ಕರೆದವರು. ಈ ಸಂಬಂಧವೂ ಪ್ರಕರಣದ ಒಂದು ಭಾಗ, ಹಾಗಾಗಿ ಮೊದಲೇ ಹೇಳಿಬಿಟ್ಟೆ.

ಬೋಟು ಮರದ್ದು. ಮೂರು ನಾಲ್ಕು ದಿನ ಕಡಲಲ್ಲಿದ್ದು ಬರುವ, ಬಲೆ ಎಳೆಯುತ್ತ ಮೀನು ಹಿಡಿಯುವ ಟ್ರಾಲ್ ಬೋಟು. ಎಂಜಿನ್ ಆರು ಸಿಲಿಂಡರಿನದು. ಮೂಲದಲ್ಲಿ ಲಾರಿ ಎಂಜಿನ್, ಅದನ್ನು ಬೋಟಿಗೆ ಒಗ್ಗಿಸಿದ್ದಾರೆ. ಲಾರಿಯಲ್ಲಿ ರೇಡಿಯೇಟರಿಗೆ ಗಾಳಿ ಬಡಿದು ಎಂಜಿನ್ ತಣ್ಣಗಾಗುತ್ತದೆ. ಬೋಟಿನಲ್ಲಿ ಆ ಗಾಳಿಯ ಕೆಲಸವನ್ನು ಕಡಲ ನೀರು ಮಾಡಬೇಕು. ಎಂಜಿನ್ ಒಳಗೆ ಸುತ್ತುವುದು ಸಿಹಿ ನೀರು. ಅದು ಕೂಲರಿಗೆ ಬರುತ್ತದೆ. ಕೂಲರಿನಲ್ಲಿ ಸಣ್ಣ ಸಣ್ಣ ಕೊಳವೆಗಳ ಕಟ್ಟು ಇದೆ. ಕೊಳವೆಯ ಒಳಗೆ ಉಪ್ಪು ನೀರು, ಹೊರಗೆ ಸಿಹಿ ನೀರು. ಎರಡೂ ಬೆರೆಯುವುದಿಲ್ಲ, ಬಿಸಿ ಮಾತ್ರ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಬಿಸಿಯಾದ ಉಪ್ಪು ನೀರು ಬೋಟಿನ ಬದಿಯ ಪೈಪಿನಿಂದ ವಾಪಸ್ ಕಡಲಿಗೆ ಬೀಳುತ್ತದೆ.

ಮಾಲೀಕರಿಗೆ ಆಗ ಇದು ಯಾವುದೂ ಗೊತ್ತಿರಲಿಲ್ಲ. ಡೀಸೆಲ್ ಲೆಕ್ಕ ಗೊತ್ತಿತ್ತು, ಐಸ್ ಲೆಕ್ಕ ಗೊತ್ತಿತ್ತು. ಎಂಜಿನ್ ಎಂದರೆ ಡ್ರೈವರಿಗೆ ಬಿಟ್ಟ ವಿಷಯ.

ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಮೀನು ಹಿಡಿಯುವಂತಿಲ್ಲ. ಆ 61 ದಿನ ಈ ಬೋಟು ಹೊಳೆಯಲ್ಲಿ ಕಟ್ಟಿಕೊಂಡು ನಿಂತಿತ್ತು. ಮೇಲೆ ಟಾರ್ಪಾಲು ಹೊದಿಸಿದ್ದರು. ಬಲೆ ದುರಸ್ತಿಯಾಯಿತು, ಬಣ್ಣ ಬಳಿದರು, ಎಂಜಿನ್ನಿನ ಹೊರಮೈಗೂ ಒಂದು ಕೋಟ್ ಕೊಟ್ಟರು. ಕಡಲಿಗೆ ಇಳಿಯಲು ಬೋಟು ಸಿದ್ಧವಾಗಿದೆ ಎಂದೇ ಎಲ್ಲರೂ ಅಂದುಕೊಂಡಿದ್ದರು.

ತೊಂದರೆ ಶುರು

ಆಗಸ್ಟಿನ ಮೊದಲ ಸಲವೇ ಎಂಜಿನ್ ಬಿಸಿಯಾಯಿತು. ಖಾಲಿ ಬೋಟು ಓಡಿಸುವಾಗ ಏನೂ ಇಲ್ಲ. ಬಲೆ ಇಳಿಸಿ ಎಳೆಯಲು ಹೊರಟರೆ ಮೀಟರಿನ ಮುಳ್ಳು ಮೇಲಕ್ಕೆ. ರೇಸ್ (ಎಂಜಿನ್ ತಿರುಗುವ ವೇಗ) ಇಳಿಸಿದರೆ ಮುಳ್ಳು ನಿಧಾನಕ್ಕೆ ಕೆಳಗೆ. ಡ್ರೈವರ್ ಅದಕ್ಕೆ ತಕ್ಕಂತೆ ಕಡಿಮೆ ರೇಸಿನಲ್ಲೇ ಬಲೆ ಎಳೆದರು. ವೇಗ ಇಲ್ಲದೆ ಎಳೆದರೆ ಬಲೆ ಸರಿಯಾಗಿ ಬಾಯಿ ತೆರೆಯುವುದಿಲ್ಲ. ಹಿಡಿದ ಮೀನು ಡೀಸೆಲ್ ಖರ್ಚಿಗೂ ಸಾಲಲಿಲ್ಲ.

ಧಕ್ಕೆಗೆ, ಅಂದರೆ ಬಂದರಿನಲ್ಲಿ ಬೋಟು ಕಟ್ಟುವ ಕಟ್ಟೆಗೆ, ಬಂದ ಮೇಲೆ ಮೆಕ್ಯಾನಿಕ್ ಬಂದರು. ನೀರು ಬಿಸಿಯಾದಾಗ ಕೂಲರಿನ ದಾರಿ ತೆರೆಯುವ ಥರ್ಮೋಸ್ಟಾಟ್ ಕಿತ್ತು ಪಕ್ಕಕ್ಕಿಟ್ಟರು. ನಮ್ಮ ಕಡೆ ಎಂಜಿನ್ ಬಿಸಿ ಎಂದರೆ ಮೊದಲು ಮಾಡುವ ಕೆಲಸ ಇದೇ. ಇದರಲ್ಲಿ ಒಂದು ಅಪಾಯ ಇದೆ. ಹಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಕೂಲರಿನ ದಾರಿ ತೆರೆಯುವ ಜೊತೆಗೆ ಬೈಪಾಸಿನ ದಾರಿಯನ್ನೂ ಮುಚ್ಚುತ್ತದೆ. ಅದನ್ನು ತೆಗೆದುಬಿಟ್ಟರೆ ಬೈಪಾಸ್ ಯಾವಾಗಲೂ ತೆರೆದೇ ಇರುತ್ತದೆ. ಸ್ವಲ್ಪ ಬಿಸಿ ನೀರು ಕೂಲರಿಗೆ ಹೋಗದೆ ಸೀದಾ ಎಂಜಿನ್ನಿಗೇ ಮರಳುತ್ತದೆ. ಅಂದರೆ ತಣ್ಣಗಾಗಲಿ ಎಂದು ಮಾಡಿದ ಕೆಲಸದಿಂದಲೇ ಬಿಸಿ ಹೆಚ್ಚಬಹುದು. ಭಾರ ಇಲ್ಲದಾಗ ಎಂಜಿನ್ ಬೇಕಾದಷ್ಟು ಬಿಸಿಯೇ ಆಗುವುದಿಲ್ಲ, ಅದೂ ಒಳ್ಳೆಯದಲ್ಲ.

ಇಲ್ಲಿಯೂ ಪ್ರಯೋಜನ ಆಗಲಿಲ್ಲ. ಆಮೇಲೆ ಉಪ್ಪು ನೀರಿನ ಪಂಪ್ ಬಿಚ್ಚಿದರು. ಒಳಗೆ ತಿರುಗಿ ನೀರು ತಳ್ಳುವ ರಬ್ಬರ್ ಚಕ್ರ, ಇಂಪೆಲ್ಲರ್, ಹರಿದಿತ್ತು. ಹೊಸದು ಹಾಕಿದರು. ಕಾರಣ ಸಿಕ್ಕಿತು ಎಂದು ಎಲ್ಲರಿಗೂ ಸಮಾಧಾನ. ಬಿಸಿ ಸ್ವಲ್ಪ ಇಳಿಯಿತು, ಆದರೆ ಪೂರ್ತಿ ಹೋಗಲಿಲ್ಲ.

ಅಳಿವೆ ಬಾಗಿಲಿನಲ್ಲಿ

ಇದಾದ ಮುಂದಿನ ಸಲ ವಾಪಸ್ ಬರುವಾಗ ಅಳಿವೆ ಬಾಗಿಲಿನಲ್ಲಿ ಎಂಜಿನ್ ನಿಂತುಹೋಯಿತು. ಹೊಳೆಯ ನೀರೂ ಕಡಲ ಅಲೆಯೂ ಎದುರುಬದುರಾಗುವ ಜಾಗ ಅದು. ಎರಡೂ ಬದಿ ಮರಳ ದಿಬ್ಬ. ಅಲ್ಲಿ ಎಂಜಿನ್ ನಿಂತರೆ ಬೋಟು ಅಲೆಗೆ ಅಡ್ಡ ತಿರುಗುತ್ತದೆ. ತಾಂಡೇಲರು ತಡಮಾಡದೆ ಲಂಗರು ಬಿಟ್ಟರು. ಹಿಂದೆ ಬರುತ್ತಿದ್ದ ಬೋಟಿನವರು ಹಗ್ಗ ಎಸೆದು ಎಳೆದುಕೊಂಡು ಬಂದರು. ಜೀವಕ್ಕೆ ಏನೂ ಆಗಲಿಲ್ಲ. ತಾಂಡೇಲರ ಅನುಭವ ಅವತ್ತು ಎಲ್ಲರನ್ನೂ ಉಳಿಸಿತು.

ಬಿಸಿಯಾಗುತ್ತಿದ್ದ ಎಂಜಿನ್ ನಿಂತಿತು ಎಂದರೆ ಬಿಸಿಯಿಂದಲೇ ನಿಂತಿತು ಎಂದು ಯಾರಿಗಾದರೂ ಅನಿಸುತ್ತದೆ, ಅಲ್ವಾ? ಮೆಕ್ಯಾನಿಕ್ಕಿಗೂ ಹಾಗೇ ಅನಿಸಿತು. "ಹೆಡ್ ಬಿಚ್ಚಬೇಕು ಮಾರಾಯ್ರೆ, ಗ್ಯಾಸ್ಕೆಟ್ ಹೋದ ಹಾಗಿದೆ" ಎಂದರು. ಹೆಡ್ ಎಂದರೆ ಸಿಲಿಂಡರುಗಳ ಮೇಲಿನ ಮುಚ್ಚಳ, ಗ್ಯಾಸ್ಕೆಟ್ ಅದರ ಕೆಳಗಿನ ಸೀಲು. ಹೆಡ್ ಸೊಟ್ಟಗಾಗಿದ್ದರೆ ಅದರ ಖರ್ಚು ಬೇರೆ. ಹಳೇ ಎಂಜಿನ್, ಹೊಸದೇ ಹಾಕುವುದು ಒಳ್ಳೆಯದು ಎಂಬ ಮಾತೂ ಧಕ್ಕೆಯಲ್ಲಿ ಬಂತು. ಮಾಲೀಕರು ಬ್ಯಾಂಕಿಗೆ ಹೋಗುವ ಯೋಚನೆಯಲ್ಲಿದ್ದಾಗ ಪರಿಚಯದವರೊಬ್ಬರು ನನ್ನ ಹತ್ತಿರ ಕರೆತಂದರು.

ನಾನು ಕೇಳಿದ ಮೊದಲ ಪ್ರಶ್ನೆ ಇದು: ಎಂಜಿನ್ ನಿಂತಾಗ ಮೀಟರಿನ ಮುಳ್ಳು ಎಲ್ಲಿತ್ತು? ಮಾಲೀಕರಿಗೆ ಗೊತ್ತಿರಲಿಲ್ಲ. ಡ್ರೈವರಿಗೆ ಗೊತ್ತಿತ್ತು. "ಅವತ್ತು ಬಿಸಿ ಇರಲೇ ಇಲ್ಲ. ಬಲೆ ಮೇಲೆ ಎಳೆದು ಆರಾಮಾಗಿ ಬರ್ತಾ ಇದ್ದೆವು. ಗುರ್ ಗುರ್ ಅಂತ ಎರಡು ಸಲ ಉಸಿರು ಕಟ್ಟಿದ ಹಾಗೆ ಮಾಡಿ ನಿಂತಿತು." ಈ ಮಾತನ್ನು ಅಲ್ಲಿಯವರೆಗೆ ಅವರ ಹತ್ತಿರ ಯಾರೂ ಕೇಳಿರಲಿಲ್ಲ. ಅವರೂ ತಾವಾಗಿ ಹೇಳಿರಲಿಲ್ಲ.

ಈ ಒಂದು ಉತ್ತರದಿಂದ ಪ್ರಕರಣ ಎರಡಾಯಿತು. ಬಿಸಿಯಾಗುವುದು ಒಂದು ತೊಂದರೆ, ನಿಂತದ್ದು ಇನ್ನೊಂದು. ಬಿಸಿ ಹೆಚ್ಚಿ ಜಾಮ್ ಆಗುವ ಎಂಜಿನ್ ಹೀಗೆ ತಣ್ಣಗೆ ನಿಲ್ಲುವುದಿಲ್ಲ. ಉಸಿರು ಕಟ್ಟಿ ನಿಂತದ್ದು ಎಂದರೆ ಡೀಸೆಲ್ ಕಡೆ ನೋಡಬೇಕು.

ಹೆಡ್ ಬಿಚ್ಚದೆ ಇರುವ ತೀರ್ಮಾನ

ಮಾಲೀಕರು ಇಲ್ಲಿ ತೆಗೆದುಕೊಂಡ ತೀರ್ಮಾನವೇ ಇಡೀ ಪ್ರಕರಣದ ತಿರುವು ಎಂದು ನನ್ನ ಭಾವನೆ. ದಿನ ಕಳೆದಷ್ಟೂ ನಷ್ಟ, ಕಲಾಸಿಗಳಿಗೆ (ಬೋಟಿನ ಕೆಲಸಗಾರರಿಗೆ) ಮುಂಗಡ ಕೊಟ್ಟಾಗಿದೆ, ಪಕ್ಕದ ಬೋಟುಗಳು ಬಂಗುಡೆ ತುಂಬಿಕೊಂಡು ಬರುತ್ತಿವೆ. ಅಂಥ ಹೊತ್ತಲ್ಲಿ ಅವರು, ದುಡ್ಡು ಬೇಡದ ಪರೀಕ್ಷೆಗಳೆಲ್ಲ ಮುಗಿಯುವವರೆಗೆ ಹೆಡ್ಡಿನ ಒಂದು ಬೋಲ್ಟೂ ತಿರುಗಿಸಬಾರದು ಎಂದರು. ಪರೀಕ್ಷೆ ನಡೆಯುವಾಗ ತಾವು ಪಕ್ಕದಲ್ಲಿದ್ದು ಪ್ರತಿಯೊಂದನ್ನೂ ಕೈಯಲ್ಲಿ ಮುಟ್ಟಿ ನೋಡುತ್ತೇನೆ ಎಂದರು.

ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಸಾಮಾನ್ಯವಾಗಿ ಒಂದಲ್ಲ ಒಂದು ಗುರುತು ಸಿಗುತ್ತದೆ. ಆಯಿಲ್ ಗೇಜ್ ಕಡ್ಡಿ ಎಳೆದು ನೋಡಿದೆವು. ಆಯಿಲ್‌ಗೆ ನೀರು ಸೇರಿದ್ದರೆ ಅದು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಇಲ್ಲಿ ಕಪ್ಪಾಗಿ ಶುದ್ಧವಾಗಿತ್ತು. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿದ್ದಾಗ ಸಿಹಿ ನೀರಿನ ಟ್ಯಾಂಕಿನ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದೆವು. ಸಿಲಿಂಡರಿನ ಗ್ಯಾಸ್ ನುಗ್ಗುತ್ತಿದ್ದರೆ ನೀರಿನಲ್ಲಿ ಗುಳ್ಳೆ ಬಿಡದೆ ಬರುತ್ತಿರುತ್ತದೆ. ಗುಳ್ಳೆ ಬರಲಿಲ್ಲ. ಈ ಪರೀಕ್ಷೆ ಮಾಡುವವರು ದಯವಿಟ್ಟು ನೆನಪಿಡಿ: ಎಂಜಿನ್ ಬಿಸಿ ಇರುವಾಗ ಆ ಮುಚ್ಚಳ ಮುಟ್ಟಬೇಡಿ. ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಹೊಗೆಯಲ್ಲೂ ಬಿಳಿ ಬಣ್ಣ ಇರಲಿಲ್ಲ. ಸಿಹಿ ನೀರು ಕಡಿಮೆಯಾಗುತ್ತಲೂ ಇರಲಿಲ್ಲ.

ಇಷ್ಟರಿಂದ ಗ್ಯಾಸ್ಕೆಟ್ ನೂರಕ್ಕೆ ನೂರು ಸರಿ ಇದೆ ಎಂದು ಹೇಳಲಾಗದು. ಆದರೆ ಅದನ್ನು ಪಟ್ಟಿಯ ಕೊನೆಗೆ ತಳ್ಳಲು ಸಾಕು.

ಬಕೆಟ್ ಮತ್ತು ಪಕ್ಕದ ಬೋಟು

ಭಾರ ಬಿದ್ದಾಗ ಮಾತ್ರ ಬಿಸಿಯಾಗುತ್ತದೆ, ರೇಸ್ ಇಳಿಸಿದರೆ ತಣ್ಣಗಾಗುತ್ತದೆ. ಹಾಗೆಂದರೆ ತಂಪು ಮಾಡುವ ವ್ಯವಸ್ಥೆ ಕೆಲಸ ಮಾಡುತ್ತಿದೆ, ಆದರೆ ಪೂರ್ತಿ ಶಕ್ತಿಯಲ್ಲಿ ಅಲ್ಲ. ಬದಿಯ ಪೈಪಿನಿಂದ ನೀರು ಬೀಳುತ್ತಿತ್ತು. "ನೀರು ಬರ್ತಾ ಇದೆಯಲ್ಲ" ಎಂದು ಡ್ರೈವರ್ ಪ್ರತಿ ಸಲ ಹೇಳುತ್ತಿದ್ದರು. ಅವರು ಹೇಳಿದ್ದು ಸುಳ್ಳಲ್ಲ. ಸಾಕಷ್ಟು ಬರುತ್ತಿದೆಯಾ ಎಂಬುದು ಬೇರೆ ಪ್ರಶ್ನೆ. ಅದನ್ನು ಕಣ್ಣಳತೆಯಲ್ಲಿ ಹೇಳಲು ಬರುವುದಿಲ್ಲ.

ಎಂಜಿನ್ನಿನ ಪುಸ್ತಕ ಎಂದೋ ಕಳೆದುಹೋಗಿತ್ತು. ಎಷ್ಟು ನೀರು ಬೀಳಬೇಕು ಎಂದು ನೋಡಲು ಏನೂ ಇಲ್ಲ. ಆದರೆ ಅದೇ ಧಕ್ಕೆಯಲ್ಲಿ ಇದೇ ಎಂಜಿನ್, ಇದೇ ಪಂಪ್ ಇದ್ದ ಇನ್ನೊಂದು ಬೋಟು ನಿಂತಿತ್ತು. ಮಾಲೀಕರು ಅವರನ್ನು ಕೇಳಿಕೊಂಡರು. ಎರಡೂ ಬೋಟಿನಲ್ಲಿ ಒಂದೇ ರೇಸ್ ಇಟ್ಟು, ಒಂದೇ ಬಕೆಟ್ ಹಿಡಿದು, ತುಂಬಲು ಎಷ್ಟು ಹೊತ್ತು ಬೇಕು ಎಂದು ಮೊಬೈಲಿನಲ್ಲಿ ನೋಡಿದೆವು. ಪಕ್ಕದ ಬೋಟಿನಲ್ಲಿ ಬಕೆಟ್ ತುಂಬಿ ಚೆಲ್ಲುವಾಗ ಇಲ್ಲಿ ಅರ್ಧವೂ ಆಗಿರಲಿಲ್ಲ. ಇದನ್ನು ನೋಡಿದ ಮೇಲೆ ಅಲ್ಲಿ ಯಾರೂ ಗ್ಯಾಸ್ಕೆಟ್ ಮಾತು ಎತ್ತಲಿಲ್ಲ.

ಇನ್ನು ನೀರಿನ ದಾರಿಯನ್ನು ಕಡಲಿನಿಂದ ಶುರು ಮಾಡಿ ಒಂದೊಂದೇ ಜಾಗ ನೋಡುತ್ತ ಹೋಗುವುದು. ಬೋಟಿನ ತಳದ ಜಾಲರಿ, ಅದರ ಮೇಲಿನ ವಾಲ್ವ್, ಕಸ ತಡೆಯುವ ಸ್ಟ್ರೈನರ್, ಪಂಪ್, ಗೇರ್ ಆಯಿಲ್ ಕೂಲರ್, ದೊಡ್ಡ ಕೂಲರ್, ಹೊರಗಿನ ಪೈಪ್. ಮುಳುಗು ಹಾಕಲು ಬರುವ ಹುಡುಗನೊಬ್ಬ ತಳದ ಜಾಲರಿ ನೋಡಿ ಬಂದ. ಅದರ ಅರ್ಧಕ್ಕೆ ಚಿಪ್ಪು ಬೆಳೆದಿತ್ತು. ಎರಡು ತಿಂಗಳು ಹೊಳೆಯಲ್ಲಿ ಸುಮ್ನೆ ನಿಂತ ಬೋಟಿಗೆ ಹಾಗೆ ಬೆಳೆಯುವುದು ಸಹಜ. ಅವನೇ ಕೆರೆದು ತೆಗೆದ. ಆಮೇಲೆ ವಾಲ್ವ್ ಮುಚ್ಚಿ, ಪಂಪಿಗೆ ಬರುವ ಹೋಸ್ ಬಿಚ್ಚಿ, ಬಾಯಿಗೆ ಬಕೆಟ್ ಹಿಡಿದು, ವಾಲ್ವ್ ಒಂದು ಕ್ಷಣ ತೆರೆದು ನೋಡಿದೆವು. ವಾಲ್ವ್ ನೀರಿನ ಮಟ್ಟಕ್ಕಿಂತ ಕೆಳಗಿರುವುದರಿಂದ ನೀರು ತಾನಾಗಿ ನುಗ್ಗಬೇಕು. ಜೋರಾಗಿ ನುಗ್ಗಿತು. ಪಂಪಿನವರೆಗೆ ದಾರಿ ಸರಿ ಇದೆ. ಮತ್ತೆ ಬಕೆಟ್ ಇಟ್ಟಾಗ ಮೊದಲಿಗಿಂತ ವಾಸಿ, ಆದರೂ ಪಕ್ಕದ ಬೋಟಿನಷ್ಟಿಲ್ಲ.

ಈ ಹಂತದಲ್ಲಿ ನಿಲ್ಲಿಸಿಬಿಡುವ ಆಸೆ ಎಲ್ಲರಿಗೂ ಬಂದಿತ್ತು. ಚಿಪ್ಪು ಸಿಕ್ಕಿತು, ಕಾರಣ ಗೊತ್ತಾಯಿತು, ಹೊರಡೋಣ ಎಂದು. ಮಾಲೀಕರು ಒಪ್ಪಲಿಲ್ಲ. ಬಕೆಟ್ ಇನ್ನೂ ತುಂಬುತ್ತಿಲ್ಲವಲ್ಲ ಎಂದರು. ಲೆಕ್ಕ ಬರೆದು ಅಭ್ಯಾಸ ಇದ್ದವರು, ಮೊತ್ತ ತಾಳೆಯಾಗದೆ ಪುಸ್ತಕ ಮುಚ್ಚುವವರಲ್ಲ.

ಆಗ ನಾನು ಹಳೇ ಇಂಪೆಲ್ಲರ್ ಎಲ್ಲಿ ಎಂದು ಕೇಳಿದೆ. ಎಸೆದಿರಬಹುದು ಎಂದರು. ಅದೃಷ್ಟಕ್ಕೆ ಡ್ರೈವರ್ ಅದನ್ನು ಸಾಮಾನಿನ ಡಬ್ಬಿಯಲ್ಲಿ ಹಾಕಿಟ್ಟಿದ್ದರು. ಹೊರತೆಗೆದು ನೋಡಿದರೆ ಮೂರು ಎಲೆ ಬುಡದಿಂದ ಮುರಿದಿದ್ದವು. ಪಂಪ್ ಬಿಚ್ಚಿದ ದಿನ ಆ ಮೂರು ತುಂಡುಗಳನ್ನು ಯಾರೂ ನೋಡಿರಲಿಲ್ಲ. ಹುಡುಕಿರಲೂ ಇಲ್ಲ.

ಇಂಪೆಲ್ಲರಿನ ಎಲೆಗಳು ಪಂಪಿನ ಒಳಗೆ ಬಾಗಿಕೊಂಡೇ ಕೂತಿರುತ್ತವೆ. ಎರಡು ತಿಂಗಳು ಒಂದೇ ಭಂಗಿಯಲ್ಲಿ ಬಾಗಿ ಕೂತ ರಬ್ಬರ್ ಹಾಗೇ ಸೆಟೆದುಬಿಡುತ್ತದೆ, ಬುಡದಲ್ಲಿ ಬಿರುಕು ಬರುತ್ತದೆ. ನೀರಿಲ್ಲದೆ ಓಡಿದರೆ ಇನ್ನೂ ಬೇಗ ಹಾಳು. ಅದಕ್ಕೆ ನೀರೇ ಎಣ್ಣೆ, ಒಣಗಿ ಓಡಿದರೆ ನಿಮಿಷಗಳಲ್ಲಿ ಸುಡುತ್ತದೆ. ಮುರಿದ ತುಂಡು ನೀರಿನ ಜೊತೆ ಮುಂದಕ್ಕೆ ಹೋಗುತ್ತದೆ. ಮುಂದೆ ಇರುವುದು ಸಣ್ಣ ಕೊಳವೆಗಳ ಕೂಲರ್.

ದೊಡ್ಡ ಕೂಲರಿನ ಒಂದು ಬದಿಯ ಮುಚ್ಚಳ ಬಿಚ್ಚಿದೆವು. ಕೊಳವೆಗಳ ಬಾಯಿಗೆ ಅಂಟಿಕೊಂಡು ಎರಡು ರಬ್ಬರ್ ತುಂಡು ಕೂತಿದ್ದವು. ಜೊತೆಗೆ ಪುಡಿ ಚಿಪ್ಪು, ತುಕ್ಕು, ಕರಗಿ ಉದುರಿದ ಜಿಂಕಿನ ಚೂರು. ಜಿಂಕ್ ಕಡ್ಡಿಯನ್ನು ಅಲ್ಲಿ ಹಾಕುವುದು ಉಪ್ಪು ನೀರು ಕೂಲರಿನ ಲೋಹವನ್ನು ತಿನ್ನದೆ ಮೊದಲು ಜಿಂಕನ್ನು ತಿನ್ನಲಿ ಎಂದು. ಅರ್ಧ ಸವೆದಾಗ ಬದಲಿಸಬೇಕು. ಇಲ್ಲಿ ಕಡ್ಡಿ ಹೋಗಿ ಬರೀ ಬೋಲ್ಟ್ ಉಳಿದಿತ್ತು.

ಮೂರನೇ ತುಂಡು ಅಲ್ಲಿ ಇರಲಿಲ್ಲ. ಒಂದು ತುಂಡು ತಾನೇ, ಹೊರಗೆ ಹೋಗಿರುತ್ತದೆ ಎಂದು ಮೆಕ್ಯಾನಿಕ್ ಹೇಳಿದರು. ಹೋಗಿದ್ದರೂ ಹೋಗಿರಬಹುದು. ಮಾಲೀಕರೇ ಹೋಸ್‌ಗಳನ್ನು ಒಂದೊಂದಾಗಿ ಬಿಚ್ಚುತ್ತ ಬಂದರು. ಗೇರ್ ಆಯಿಲ್ ಕೂಲರಿಗೆ ಹೋಗುವ ಬೆಂಡಿನಲ್ಲಿ ಅದು ಅಡ್ಡ ಸಿಕ್ಕಿಕೊಂಡಿತ್ತು. ಕೈಯಲ್ಲಿ ಮೂರೂ ತುಂಡು ಇಟ್ಟು ಹಳೇ ಇಂಪೆಲ್ಲರಿಗೆ ಜೋಡಿಸಿ ನೋಡಿದರು. ಸರಿ ಹೊಂದಿತು.

ಕೊಳವೆಗಳನ್ನು ಮರದ ಕಡ್ಡಿಯಿಂದ ತಳ್ಳಿ ಸ್ವಚ್ಛ ಮಾಡಿದೆವು. ಕಬ್ಬಿಣದ ಸರಿಗೆ ಹಾಕಿದರೆ ಕೊಳವೆಗೆ ಗೀರು ಬೀಳುತ್ತದೆ, ಗೀರಿನಿಂದ ತೂತು ಶುರು. ಹೊಸ ಜಿಂಕ್ ಹಾಕಿದೆವು. ಕಿತ್ತಿಟ್ಟಿದ್ದ ಥರ್ಮೋಸ್ಟಾಟನ್ನು ಪಾತ್ರೆಯ ನೀರಿನಲ್ಲಿ ಮುಳುಗಿಸಿ ಒಲೆಯ ಮೇಲಿಟ್ಟು ಥರ್ಮಾಮೀಟರ್ ಹಿಡಿದೆವು. ಅದರ ಮೇಲೆ ಕೊರೆದ ಡಿಗ್ರಿಯ ಹತ್ತಿರಕ್ಕೆ ಬಂದಾಗ ಬಾಯಿ ತೆರೆಯಿತು. ಚೆನ್ನಾಗಿಯೇ ಇತ್ತು, ವಾಪಸ್ ಹಾಕಿದೆವು. ಬಕೆಟ್ ಈಗ ಪಕ್ಕದ ಬೋಟಿನಷ್ಟೇ ಬೇಗ ತುಂಬಿತು.

ಡೀಸೆಲ್ ಕಡೆ

ಇದು ಸರಳವಾಗಿತ್ತು. ಡೀಸೆಲ್ ಟ್ಯಾಂಕಿನ ತಳದ ನಲ್ಲಿಯಿಂದ ಪಾರದರ್ಶಕ ಬಾಟಲಿಗೆ ಸ್ವಲ್ಪ ಬಿಟ್ಟು ಇಟ್ಟೆವು. ಕೆಳಗೆ ನೀರು, ಮೇಲೆ ಡೀಸೆಲ್, ಎರಡರ ನಡುವೆ ಕಪ್ಪು ಲೋಳೆ. ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನ ಒಳಗೆ ತೇವದ ಗಾಳಿ ತುಂಬಿರುತ್ತದೆ, ರಾತ್ರಿ ತಣ್ಣಗಾದಾಗ ಗೋಡೆಗೆ ನೀರು ಕಟ್ಟಿ ಕೆಳಗಿಳಿಯುತ್ತದೆ. ನೀರೂ ಡೀಸೆಲೂ ಸೇರುವ ಜಾಗದಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಆ ಲೋಳೆ ಅವುಗಳದ್ದೇ. ಬೋಟು ನೆಟ್ಟಗೆ ಹೋಗುವಾಗ ಅದು ತಳದಲ್ಲೇ ಇರುತ್ತದೆ. ಅಳಿವೆಯ ಅಲೆಗೆ ಬೋಟು ಎತ್ತಿ ಕುಕ್ಕಿದಾಗ ತಳದ್ದೆಲ್ಲ ಕದಡಿ ಫಿಲ್ಟರಿಗೆ ಬಂತು. ಫಿಲ್ಟರ್ ಕಟ್ಟಿತು, ಎಂಜಿನ್ ನಿಂತಿತು. ಅತಿ ಅಪಾಯದ ಜಾಗದಲ್ಲೇ ಯಾಕೆ ಎಂಜಿನ್ ಕೈಕೊಡುತ್ತದೆ ಎಂದು ಮೀನುಗಾರರು ಕೇಳುವುದುಂಟು. ಆ ಜಾಗದ ಅಲೆಯೇ ಅದಕ್ಕೆ ಕಾರಣ.

ಟ್ಯಾಂಕ್ ತೊಳೆದದ್ದಾಯಿತು, ಫಿಲ್ಟರ್ ಬದಲಿಸಿದ್ದಾಯಿತು. ಆಮೇಲೆ ಮಾಲೀಕರು ಕಲಿತದ್ದು ಏರ್ ತೆಗೆಯುವುದನ್ನು. ಡೀಸೆಲ್ ಲೈನಿನಲ್ಲಿ ಗಾಳಿ ಸೇರಿದರೆ ಪಂಪ್ ಗಾಳಿಯನ್ನೇ ಒತ್ತುತ್ತದೆ, ನೋಝಲ್ ಡೀಸೆಲನ್ನು ಸಿಲಿಂಡರಿಗೆ ಚಿಮ್ಮಿಸುವುದಿಲ್ಲ. ಟ್ಯಾಂಕಿನ ಕಡೆಯಿಂದ ಶುರು ಮಾಡಬೇಕು. ಮೊದಲ ಫಿಲ್ಟರಿನ ಸ್ಕ್ರೂ ಸಡಿಲಿಸಿ ಕೈಪಂಪ್ ಒತ್ತುತ್ತ, ಗುಳ್ಳೆ ಹೋಗಿ ಬರೀ ಡೀಸೆಲ್ ಬಂದಾಗ ಬಿಗಿ ಮಾಡುವುದು. ಆಮೇಲೆ ಎರಡನೇ ಫಿಲ್ಟರ್, ಆಮೇಲೆ ಇಂಜೆಕ್ಷನ್ ಪಂಪ್. ಬೇಕಾದರೆ ಕೊನೆಗೆ ನೋಝಲ್ ಪೈಪಿನ ನಟ್ಟು ಸ್ವಲ್ಪ ಸಡಿಲಿಸಿ ಸೆಲ್ಫ್ ಹೊಡೆಯುವುದು. ಆಗ ಕೈ ಅಡ್ಡ ಇಡಬಾರದು. ಅಲ್ಲಿನ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಹಾಗಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ವಿಷಯ ಅವರಿಗೆ ಹೊಸದಾಗಿತ್ತು. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಎಳೆತ ಇರುತ್ತದೆ. ಅಲ್ಲಿ ವಾಷರ್ ಸಡಿಲಾದರೆ ಡೀಸೆಲ್ ಸೋರದೇ ಇರಬಹುದು, ಗಾಳಿ ಒಳಗೆ ಹೋಗುತ್ತದೆ. ಹೊರಗೆ ಒಂದು ಹನಿ ಕಾಣುವುದಿಲ್ಲ. ಹಾಗಾಗಿ ಫಿಲ್ಟರ್ ಬಿಚ್ಚಿದಾಗಲೆಲ್ಲ ಅಲ್ಲಿಗೆ ಹೊಸ ವಾಷರ್ ಹಾಕಬೇಕು.

ಧಕ್ಕೆಯಲ್ಲಿ ಬೋಟು ಕಟ್ಟಿದ್ದಾಗ ಬೇಕೆಂದೇ ಟ್ಯಾಂಕಿನ ವಾಲ್ವ್ ಮುಚ್ಚಿ ಎಂಜಿನ್ ನಿಲ್ಲಿಸಿದೆವು. ಮತ್ತೆ ಸ್ಟಾರ್ಟ್ ಮಾಡುವವರೆಗೆ ಯಾರೂ ಸಹಾಯ ಮಾಡಬಾರದು ಎಂಬುದು ಕಟ್ಟುಪಾಡು. ಹಗಲು ಆಯಿತು, ಆಮೇಲೆ ರಾತ್ರಿ ಟಾರ್ಚ್ ಹಿಡಿದು ಆಯಿತು. ಕತ್ತಲೆಯಲ್ಲಿ, ಬಗ್ಗಿ, ಎಣ್ಣೆ ಕೈಯಲ್ಲಿ ಆ ಸ್ಕ್ರೂ ಎಲ್ಲಿದೆ ಎಂದು ಬೆರಳಿಗೆ ಗೊತ್ತಾಗಬೇಕು. ಬಾಯಲ್ಲಿ ಹೇಳಿ ಕಲಿಸುವ ಪಾಠವಲ್ಲ ಅದು.

ಡ್ರೈವರ್ ಅಣ್ಣನ ಬೇಸರ

ಎಂಜಿನ್ ಸರಿಯಾದ ಹೊತ್ತಿಗೆ ಮನುಷ್ಯರ ನಡುವೆ ತೊಡಕು ಶುರುವಾಗಿತ್ತು. ಮಾಲೀಕರು ಉತ್ಸಾಹದಿಂದ ಒಂದು ಪುಸ್ತಕ ತಂದು, ಗಂಟೆಗೊಮ್ಮೆ ಬಿಸಿ, ಆಯಿಲ್ ಪ್ರೆಶರ್ ಬರೆಯಲು ಡ್ರೈವರಿಗೆ ಹೇಳಿದರು. ಡ್ರೈವರ್ ಬರೆದರು. ಎಲ್ಲ ಗಂಟೆಯಲ್ಲೂ ಒಂದೇ ಅಂಕಿ. ನೋಡದೆ ಬರೆದದ್ದು ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು. ಮಾವನ ಕಾಲದಲ್ಲಿ ಯಾರೂ ತನ್ನನ್ನು ಲೆಕ್ಕ ಕೇಳಿರಲಿಲ್ಲ ಎಂದು ತಾಂಡೇಲರ ಹತ್ತಿರ ಬೇಸರ ಹೇಳಿಕೊಂಡರಂತೆ.

ಮಾಲೀಕರು ಜಗಳಕ್ಕೆ ಹೋಗಲಿಲ್ಲ. ಡ್ರೈವರ್ ಹತ್ತಿರ ಕೂತು, "ಅಣ್ಣ, ಎಲ್ಲ ಸರಿ ಇರುವಾಗ ಮುಳ್ಳು ಎಲ್ಲಿರ್ತದೆ, ನೀವೇ ತೋರಿಸಿ" ಎಂದರು. ಡ್ರೈವರ್ ತೋರಿಸಿದ ಜಾಗದಲ್ಲಿ ಮೀಟರಿನ ಗಾಜಿನ ಮೇಲೆ ಕೆಂಪು ಬಣ್ಣದ ಗೆರೆ ಎಳೆದರು. ಬಲೆ ಎಳೆಯುವಾಗ ಒಂದು ಗೆರೆ, ಖಾಲಿ ಓಡುವಾಗ ಇನ್ನೊಂದು. ಆಯಿಲ್ ಪ್ರೆಶರ್ ಮೀಟರಿಗೂ ಹಾಗೇ. ಈಗ ಅಡುಗೆ ಮಾಡುವ ಹುಡುಗನೂ ಒಳಗೆ ಹೋಗುವಾಗ ಒಮ್ಮೆ ನೋಡಿ ಮುಳ್ಳು ಗೆರೆ ದಾಟಿದರೆ ಕೂಗುತ್ತಾನೆ. ಪುಸ್ತಕದಲ್ಲಿ ಈಗ ಬರೆಯುವುದು ಬದಲಾವಣೆ ಮಾತ್ರ: ಯಾವಾಗ ಏನು ಹಾಕಿದೆವು, ಅದಾಗಿ ಎಂಜಿನ್ ಎಷ್ಟು ಗಂಟೆ ಓಡಿತು. ಬರೆಯುವವರು ಮಾಲೀಕರೇ, ಹೇಳಿ ಬರೆಸುವವರು ಡ್ರೈವರ್.

ಮುಳ್ಳು ಎಲ್ಲಿತ್ತು ಎಂಬ ಆ ಮೊದಲ ಪ್ರಶ್ನೆಗೆ ಉತ್ತರ ಡ್ರೈವರ್ ಹತ್ತಿರ ಇತ್ತು, ಮುರಿದ ಇಂಪೆಲ್ಲರ್ ಎತ್ತಿಟ್ಟಿದ್ದೂ ಅವರೇ. ಮಾಲೀಕರು ಕಲಿಯಲು ಹೊರಟಾಗ ಬೋಟಿನಲ್ಲಿ ಮೊದಲೇ ತಿಳಿದಿರುವವರನ್ನು ದೂರ ಮಾಡಿಕೊಂಡರೆ ಕಲಿಕೆ ಅಲ್ಲಿಗೇ ಮುಗಿಯುತ್ತದೆ.

ಮಾಲೀಕರು ಎಲ್ಲಿ ಎಡವಿದರು

ನವೆಂಬರಿನಲ್ಲಿ ಅವರು ಒಬ್ಬರೇ ಬೋಟಿನಲ್ಲಿದ್ದಾಗ ಪ್ರೊಪೆಲ್ಲರ್ ಶಾಫ್ಟು ಬೋಟಿನಿಂದ ಹೊರಗೆ ಹೋಗುವ ಜಾಗದ ಸೀಲಿನಿಂದ, ಅಂದರೆ ಗ್ಲ್ಯಾಂಡಿನಿಂದ, ನೀರು ತೊಟ್ಟಿಕ್ಕುವುದನ್ನು ಕಂಡರು. ಸ್ಪ್ಯಾನರ್ ಹಿಡಿದು ಒಂದು ಹನಿಯೂ ಬರದಂತೆ ಬಿಗಿ ಮಾಡಿದರು. ಮಾರನೇ ದಿನ ಅಲ್ಲಿ ಕೈ ಇಡಲಾಗದಷ್ಟು ಬಿಸಿ. ಗ್ರೀಸ್ ಹಚ್ಚಿದ ಹಗ್ಗದಂಥ ಪ್ಯಾಕಿಂಗ್ ಇರುವ ಹಳೇ ಮಾದರಿಯ ಗ್ಲ್ಯಾಂಡ್ ಅದು. ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಕೆಲವು ಹನಿ ಬೀಳಲೇಬೇಕು. ಆ ನೀರೇ ಶಾಫ್ಟನ್ನು ತಣ್ಣಗಿಡುತ್ತದೆ. ಪ್ಯಾಕಿಂಗ್ ಸುಟ್ಟಿತ್ತು, ಬದಲಿಸಬೇಕಾಯಿತು. ಶಾಫ್ಟಿಗೆ ಗಾಯ ಆಗಿರಲಿಲ್ಲ.

ಇದಾದ ಮೇಲೆ ಅವರೂ ಮೆಕ್ಯಾನಿಕ್ಕೂ ಕೂತು ಒಂದು ಗಡಿ ಹಾಕಿಕೊಂಡರು. ಫಿಲ್ಟರ್, ಆಯಿಲ್, ಇಂಪೆಲ್ಲರ್, ಜಿಂಕ್, ಬೆಲ್ಟ್, ಸ್ಟ್ರೈನರ್, ಏರ್ ತೆಗೆಯುವುದು ಬೋಟಿನವರ ಕೆಲಸ. ಇಂಜೆಕ್ಷನ್ ಪಂಪ್, ನೋಝಲ್, ಟ್ಯಾಪೆಟ್, ಹೆಡ್, ಗೇರ್ ಬಾಕ್ಸ್ ಮೆಕ್ಯಾನಿಕ್ ಕೆಲಸ. ಗ್ಲ್ಯಾಂಡ್ ಇಬ್ಬರೂ ಇರುವಾಗ ಮಾತ್ರ. ಮೆಕ್ಯಾನಿಕ್ಕಿಗೂ ಇದರಿಂದ ಅನುಕೂಲವೇ ಆಯಿತು. ಈಗ ಫೋನ್ ಬಂದರೆ ಏನೇನು ನೋಡಿ ಆಗಿದೆ ಎಂದು ಮೊದಲೇ ಗೊತ್ತಾಗುತ್ತದೆ, ಬೇಕಾದ ಸಾಮಾನು ತೆಗೆದುಕೊಂಡೇ ಬರುತ್ತಾರೆ.

ಮುಂದಿನ ಜೂನ್

ಆ ಋತು ಮುಗಿಯುವವರೆಗೆ ಎಂಜಿನ್ ಬಿಸಿಯಾಗಲಿಲ್ಲ, ನಿಲ್ಲಲೂ ಇಲ್ಲ. ಹೊಸ ಎಂಜಿನ್ನಿನ ಮಾತು ಬಿದ್ದುಹೋಯಿತು. ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯವಾದದ್ದು ಮುಂದಿನ ನಿಷೇಧದ ಸಮಯದಲ್ಲಿ ಅವರು ಮಾಡಿದ ಕೆಲಸ. ಚಿಪ್ಪು, ಸೆಟೆದ ರಬ್ಬರ್, ಟ್ಯಾಂಕಿನ ನೀರು ಮೂರೂ ಹುಟ್ಟಿದ್ದು ಬೋಟು ನಿಂತಿದ್ದ ಆ 61 ದಿನಗಳಲ್ಲಿ. ಆಗಸ್ಟಿನಲ್ಲಿ ಕೈಕೊಡುವ ಎಂಜಿನ್ ಜೂನಿನಲ್ಲೇ ಹಾಳಾಗಲು ಶುರುವಾಗಿರುತ್ತದೆ. ಕೊಚ್ಚಿಯಲ್ಲಿ ಮೀನುಗಾರಿಕೆಯ ತರಬೇತಿ ಕೊಡುವ ಕೇಂದ್ರ ಸರ್ಕಾರದ ಸಿಫ್‌ನೆಟ್‌ನಂಥ ಸಂಸ್ಥೆಗಳಲ್ಲಿ ಮರೀನ್ ಫಿಟ್ಟರ್ ತರಬೇತಿ ಇದೆ. ಆದರೆ ಅದು ಈ ಕೆಲಸವನ್ನೇ ಹಿಡಿಯುವ ಯುವಕರಿಗೆ. ಬೋಟು ಕಟ್ಟುವ ವಾರ ಏನು ಮಾಡಬೇಕು ಎಂದು ಮಾಲೀಕರಿಗೆ ಧಕ್ಕೆಯಲ್ಲೇ ತೋರಿಸಿಕೊಡುವವರು ಬೇಕು, ಅಂಥವರು ತೀರಾ ಕಡಿಮೆ.

ಅವರು ಆಯಿಲನ್ನು ಬೋಟು ಕಟ್ಟುವ ಮೊದಲೇ ಬದಲಿಸಿದರು. ಹಳೇ ಆಯಿಲ್‌ನಲ್ಲಿ ಆಮ್ಲದ ಅಂಶ ಸೇರಿರುತ್ತದೆ, ಎರಡು ತಿಂಗಳು ಅದು ಬೇರಿಂಗಿನ ಮೇಲೆ ಕೂರುವುದು ಬೇಡ. ಕೂಲರಿನ ಉಪ್ಪು ನೀರಿನ ಬದಿಯನ್ನು ಬಾವಿ ನೀರಿನಿಂದ ತೊಳೆದರು. ತಳದ ವಾಲ್ವ್ ಮುಚ್ಚಿದರು. ಡೀಸೆಲ್ ಟ್ಯಾಂಕಿನ ತಳದ ನೀರು ಬಿಟ್ಟು ಕುತ್ತಿಗೆಯವರೆಗೆ ತುಂಬಿಸಿದರು. ಎರಡು ತಿಂಗಳು ದುಡ್ಡು ಟ್ಯಾಂಕಿನಲ್ಲಿ ಕೂತಿರುತ್ತದಲ್ಲ ಎಂದು ಮನೆಯಲ್ಲಿ ಆಕ್ಷೇಪ ಬಂತು. ಟ್ಯಾಂಕ್ ತೊಳೆದ ಖರ್ಚಿನ ಚೀಟಿ ತೋರಿಸಿದರು. ಇಂಪೆಲ್ಲರ್ ತೆಗೆದು, ಯಾರೂ ಮರೆತು ಸ್ಟಾರ್ಟ್ ಮಾಡದಿರಲಿ ಎಂದು ಬೋಟಿನ ಕೀಲಿಗೇ ದಾರದಿಂದ ಕಟ್ಟಿ ಮನೆಯಲ್ಲಿ ತೂಗುಹಾಕಿದರು. ಜುಲೈ ಕೊನೆಗೆ ವಾಪಸ್ ಹಾಕುವಾಗ ಗ್ರೀಸ್ ಬದಲು ಸೋಪಿನ ನೀರು ಹಚ್ಚಿದರು. ಪೆಟ್ರೋಲಿಯಂ ಗ್ರೀಸ್ ಆ ರಬ್ಬರಿಗೆ ಆಗುವುದಿಲ್ಲ.

ಬೋಟು ಇಳಿಯುವ ಮೊದಲು ಜಾಲರಿಯ ಚಿಪ್ಪು ಕೆರೆಸಿ, ಬಕೆಟ್ ಹಿಡಿದು ಹೊತ್ತು ನೋಡಿ ಪುಸ್ತಕದಲ್ಲಿ ಬರೆದರು. ಈ ಸಲ ಪಕ್ಕದ ಬೋಟಿನವರೇ ತಮ್ಮದನ್ನೂ ಅಳೆದುಕೊಡಿ ಎಂದು ಕೇಳಿಕೊಂಡು ಬಂದರು. ಅವರ ನೀರು ಹೋದ ವರ್ಷಕ್ಕಿಂತ ಕಡಿಮೆ ಬರುತ್ತಿತ್ತು. ಕೂಲರಿನ ಮುಚ್ಚಳ ಬಿಚ್ಚಲು ಡ್ರೈವರ್ ಅಣ್ಣನೇ ಸ್ಪ್ಯಾನರ್ ತೆಗೆದುಕೊಂಡು ಹೋದರು.